ನಾಗಾವಿಯಿಂದ ಜ್ಞಾನಗಂಗೆಗೆ

ಕಲಬುರಗಿ ಜಿಲ್ಲೆಯ ಚಿತ್ತಾಪುರ ಪಟ್ಟಣದ ಮಗ್ಗುಲಲ್ಲಿಯೇ ನಾಗಾವಿ ಎಂಬ ಸ್ಥಳವಿದೆ. ಹಳೆಯ ದೇವಾಲಯಗಳೂ ಕಂಬಗಳ ಮಂಟಪಗಳೂ ಇರುವ ಈ ಸ್ಥಳ ಹನ್ನೊಂದನೆಯ ಶತಮಾನದಲ್ಲಿ ಒಂದು ಘಟಿಕಾಸ್ಥಾನವಾಗಿತ್ತು. ಎಂದರೆ ಉನ್ನತ ವಿದ್ಯೆಯ ಕೇಂದ್ರವಾಗಿತ್ತು. ಕಲ್ಯಾಣ ಚಾಲುಕ್ಯರ ಒಂದನೆಯ ಸೋಮೇಶ್ವರನ ಕಾಲದ, ಕ್ರಿ.ಶ. 1058ರ ಶಾಸನವೊಂದು ಅಲ್ಲಿನ ವಿದ್ಯಾಲಯದ ವ್ಯವಸ್ಥೆಯನ್ನು ತಿಳಿಸುತ್ತದೆ. ವೇದಾಧ್ಯಯನ ಮಾಡುವವರು 200 ಮಂದಿ, ಶಾಸ್ತ್ರಾಧ್ಯಯನ ಮಾಡುವವರು 52 ಮಂದಿ. ವೇದಕ್ಕೆ ಮೂವರು, ಶಾಸ್ತ್ರಗಳಿಗೆ ಮೂವರು ಉಪಾಧ್ಯಾಯರು. ಇವರೊಡನೆ ಆರು ಮಂದಿ ಸರಸ್ವತೀ ಭಂಡಾರಿಗರಿದ್ದರು. ಸರಸ್ವತೀ ಭಂಡಾರವೆಂದರೆ ಗ್ರಂಥಾಲಯ. ಅದನ್ನು ನೋಡಿಕೊಳ್ಳುವವರೇ ಭಂಡಾರಿಗರು. ಆರು ಮಂದಿ ಉಪಾಧ್ಯಾಯರಿಗೆ ಆರು ಮಂದಿ ಗ್ರಂಥಪಾಲಕರು! ಇಂದಿನ ಯಾವ ಕಾಲೇಜೂ ಇಂತಹ ಪ್ರಮಾಣವನ್ನು ತೋರಿಸಲಾರದು. ಓಲೆಗರಿಯ ಗ್ರಂಥಗಳನ್ನು ಹುಳುವಿನಿಂದ ಕಾಪಾಡುವುದು ಮಾತ್ರವಲ್ಲ, ಬೇಕಾದವನಿಗೆ ಬೇಕಾದ ಗರಿಯನ್ನು ಹುಡುಕಿಕೊಡುವುದೂ ಒಂದು ವಿದ್ಯೆಯೆಂದು ಅಂದಿನವರು ಅರಿತಿದ್ದರೆಂದು ಇದರಿಂದ ಊಹಿಸಬಹುದು.

ಈ ಶಾಸನದ ಪಾಠವನ್ನೇ ಓದಬೇಕೆಂದು ಇಂದು ಚಿತ್ತಾಪುರದ ವಿದ್ಯಾರ್ಥಿಯೊಬ್ಬನು ಹೊರಟರೆ ಏನಾಗುತ್ತದೆ? ಕರ್ನಾಟಕದ ಹಳೆಯ ಶಾಸನ ಸಂಪುಟಗಳೆಂದು ಪ್ರಸಿದ್ಧವಾದ, ಮೈಸೂರು ಸಂಸ್ಥಾನದಲ್ಲಿ ಅಚ್ಚಾದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಮೊದಲ ಆವೃತ್ತಿಯನ್ನು ಆತನು ತಿರುವಿ ಹಾಕಿದರೆ ಅದು ಅಲ್ಲಿ ದೊರೆಯದು. ಏಕೆಂದರೆ 1948ರವರೆಗೆ ಈ ಸೀಮೆ ನಿಜಾಮನ ಆಳ್ವಿಕೆಯಲ್ಲಿತ್ತು. 1956ರವರೆಗೂ ಹೈದರಾಬಾದ್ ರಾಜ್ಯದ ಭಾಗವಾಗಿತ್ತು. ಆದುದರಿಂದ ನಾಗಾವಿಯ ಶಾಸನಗಳು 1928ರಲ್ಲಿ ಹೈದರಾಬಾದಿನ ಪುರಾತತ್ತ್ವ ಗ್ರಂಥಮಾಲೆಯ 8ನೆಯ ಪುಸ್ತಕವಾಗಿ ಪ್ರಕಟವಾದವು. ಅದರ ಶೀರ್ಷಿಕೆಯಲ್ಲಿ ಊರಿನ ಹೆಸರು ನಾಗಾವಿ ಎಂದಿಲ್ಲ, ‘ನಾಗೈ’ ಎಂದಿದೆ. ಬಾಗಿಲು ಇದ್ದೂ ಬೀಗದ ಕೈ ಬೇರೆಯ ಗೂಟದಲ್ಲಿ ತೂಗುತ್ತಿರುವಂತಹ ಸ್ಥಿತಿ ಇದು. ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ವಿದ್ವತ್ ಲೇಖನಗಳನ್ನು ಹುಡುಕುವವನು ಮೊದಲು ಕಲಿಯಬೇಕಾದುದು ಈ ಗೂಟಗಳು ಎಲ್ಲೆಲ್ಲಿ ಇವೆಯೆಂಬುದನ್ನು.

ವಿದ್ವತ್ ಪತ್ರಿಕೆಯೆಂದರೆ ವಾರಪತ್ರಿಕೆ, ಮಾಸಪತ್ರಿಕೆಗಳಂತೆ ಎಲ್ಲರ ಮನರಂಜನೆಗಾಗಿ ಹೊರಡುವುದಲ್ಲ. ಒಂದು ವಿಷಯದಲ್ಲಿ ಹೊಸದಾಗಿ ಕಂಡುಕೊಂಡುದನ್ನು ಆ ವಿಷಯದ ತಜ್ಞರ ಮುಂದೆ ಇಡುವ ಪತ್ರಿಕೆ ಅದು. 1665ರಲ್ಲಿ ಮೊದಲು ಪ್ಯಾರಿಸಿನಲ್ಲಿ, ಕೆಲವೇ ವಾರಗಳ ತರುವಾಯ ಲಂಡನಿನಲ್ಲಿ ಇಂತಹ ಪತ್ರಿಕೆಗಳು ಆರಂಭವಾದವು. ಭಾರತದಲ್ಲಿ 1872ರಲ್ಲಿ ‘ಇಂಡಿಯನ್ ಆಂಟಿಕ್ವರಿ’, 1932ರಲ್ಲಿ ಬೆಂಗಳೂರಿನಿಂದ ‘ಕರೆಂಟ್ ಸೈನ್ಸ್’ ಹೊರಟವು. ಕನ್ನಡದಲ್ಲಿ 1919ರಲ್ಲಿ ಹುಟ್ಟಿದ ‘ಪ್ರಬುದ್ಧ ಕರ್ನಾಟಕ’ವು ವಿದ್ವಾಂಸರ ಬರಹಕ್ಕೆ ಆಶ್ರಯ ನೀಡಿತು. ಇಂದಿನ ಪದ್ಧತಿಯಲ್ಲಿ, ಇಂತಹ ಪತ್ರಿಕೆಗೆ ಲೇಖನ ಬಂದೊಡನೆ ಸಂಪಾದಕನು ಅದನ್ನು ಅಚ್ಚಿಗೆ ಕಳುಹಿಸುವುದಿಲ್ಲ. ಅದೇ ವಿಷಯದಲ್ಲಿ ದುಡಿದ ಇಬ್ಬರೋ ಮೂವರೋ ವಿದ್ವಾಂಸರಿಗೆ ಪರಿಶೀಲನೆಗಾಗಿ ಕಳುಹಿಸುತ್ತಾನೆ. ಅವರು ದೋಷಗಳನ್ನು ಎತ್ತಿ ತೋರಿಸುತ್ತಾರೆ, ಲೇಖಕನು ತಿದ್ದುತ್ತಾನೆ, ಎಷ್ಟೋ ಲೇಖನಗಳು ಹಿಂದಿರುಗುತ್ತವೆ. ಈ ಜರಡಿಯಲ್ಲಿ ಸೋಸಿ ಬಂದುದರಿಂದಲೇ ಅವುಗಳ ಮಾತಿಗೆ ತೂಕ. ಹಾಗೆಂದು ಅವು ತಪ್ಪೇ ಇಲ್ಲದವುಗಳಲ್ಲ. ಒಬ್ಬನ ಮಾತನ್ನು ಹತ್ತು ವರ್ಷಗಳ ಬಳಿಕ ಇನ್ನೊಬ್ಬನು ಅದೇ ಪತ್ರಿಕೆಯಲ್ಲಿಯೇ ಅಲ್ಲಗಳೆದುದೂ ಉಂಟು.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್‌ಗಳಿಂದ ಕಲಬುರಗಿಗೆ ರೈಲಿನ ಅನುಕೂಲವಿದೆ. ಚಿಂಚೋಳಿಯವರಿಗೆ ಬಸ್ಸೇ ಗತಿ. ಕಲಬುರಗಿಯಲ್ಲಿ 1980ರಲ್ಲಿ ಸ್ಥಾಪನೆಯಾದ ಗುಲಬರ್ಗಾ ವಿಶ್ವವಿದ್ಯಾಲಯವಿದೆ. ಅದರ ಆವರಣಕ್ಕೆ ಜ್ಞಾನಗಂಗೆಯೆಂದು ಹೆಸರು. ಆಳಂದದ ಮಾರ್ಗದಲ್ಲಿ ಕಡಗಂಚಿಯ ಬಳಿ 2009ರಲ್ಲಿ ಆರಂಭವಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಇಂತಹ ಗ್ರಂಥಾಲಯವನ್ನು ಮೊದಲ ಸಲ ಹೊಕ್ಕವರು ಸಾಮಾನ್ಯವಾಗಿ ಒಂದು ಭ್ರಮೆಗೆ ಒಳಗಾಗುತ್ತಾರೆ. ಪುಸ್ತಕಗಳ ಸೂಚಿಯಲ್ಲಿ ಲೇಖನದ ಹೆಸರನ್ನು ಹುಡುಕಿ, ಕಾಣದಿದ್ದಾಗ ‘ಇಲ್ಲಿ ಇಲ್ಲ’ ಎಂದು ಹಿಂದಿರುಗುತ್ತಾರೆ. ಗ್ರಂಥಾಲಯದ ಸೂಚಿಯು ಪುಸ್ತಕಗಳ ಮತ್ತು ಪತ್ರಿಕೆಗಳ ಹೆಸರನ್ನು ತಿಳಿಸುತ್ತದೆಯೇ ಹೊರತು ಪತ್ರಿಕೆಯ ಒಡಲೊಳಗಿನ ಒಂದೊಂದು ಲೇಖನವನ್ನೂ ಹೇಳುವುದಿಲ್ಲ. ಲೇಖನಗಳನ್ನು ಹೇಳುವ ಸೂಚಿಗಳೇ ಬೇರೆ. ಹಿಂದೆ ಅವು ದಪ್ಪನೆಯ ಸಂಪುಟಗಳಾಗಿದ್ದವು. ಇಂದು ಗಣಕಯಂತ್ರದಲ್ಲಿ ದೊರೆಯುತ್ತವೆ. ಮೊದಲು ಲೇಖನ ಸೂಚಿಯಿಂದ ಲೇಖನದ ಗುರುತು, ಆಮೇಲೆ ಗ್ರಂಥಾಲಯದ ಸೂಚಿಯಿಂದ ಪತ್ರಿಕೆಯ ನೆಲೆ. ಈ ಕ್ರಮ ತಪ್ಪಿದರೆ ಇಡೀ ದಿನ ವ್ಯರ್ಥವಾದೀತು.

ಗುರುತೆಂದರೇನು? ಸನ್ನತಿಯನ್ನು ತೆಗೆದುಕೊಳ್ಳಬಹುದು. ಚಿತ್ತಾಪುರ ತಾಲ್ಲೂಕಿನ ಭೀಮಾತೀರದ ಈ ಊರಿನ ಚಂದ್ರಲಾಂಬಾ ದೇವಾಲಯದ ಆವರಣದಲ್ಲಿ, ಕಾಳಿಯ ವಿಗ್ರಹಕ್ಕೆ ಪೀಠವಾಗಿದ್ದ ಚಪ್ಪಡಿಯ ಮೇಲೆ ಅಶೋಕನ ಶಾಸನಗಳಿರುವುದು 1989ರಲ್ಲಿ ಬೆಳಕಿಗೆ ಬಂದಿತು. ಅವುಗಳಲ್ಲಿ ಒಡಿಶಾದ ಧೌಲಿ ಮತ್ತು ಜೌಗಡಗಳಲ್ಲಿ ಮಾತ್ರ ಕಂಡುಬಂದಿದ್ದ ಪ್ರತ್ಯೇಕ ಶಾಸನಗಳೂ ಇದ್ದುದು ವಿದ್ವಾಂಸರಿಗೆ ಆಶ್ಚರ್ಯ ತಂದಿತು. ಇಂಗ್ಲೆಂಡಿನ ಕೆ. ಆರ್. ನಾರ್ಮನ್ ಎಂಬ ವಿದ್ವಾಂಸರು ಇವುಗಳ ಮೇಲೆ ಒಂದು ಲೇಖನ ಬರೆದರು. ಅದರ ಗುರುತು ಹೀಗೆ: ಲೇಖಕ ನಾರ್ಮನ್, ಪತ್ರಿಕೆ ‘ಸೌತ್ ಏಷ್ಯನ್ ಸ್ಟಡೀಸ್’, ಸಂಪುಟ 7, ವರ್ಷ 1991. ಇವುಗಳ ಜೊತೆಗೆ ಲೇಖನದ ಹೆಸರನ್ನೂ ಪುಟಸಂಖ್ಯೆಯನ್ನೂ ಬರೆದುಕೊಂಡರೆ ಭೂಮಿಯ ಯಾವ ಮೂಲೆಯ ಗ್ರಂಥಪಾಲಕನಾದರೂ ಆ ಲೇಖನವನ್ನು ಹುಡುಕಿಕೊಡಬಲ್ಲನು. ‘ಸನ್ನತಿಯ ಬಗ್ಗೆ ಏನಾದರೂ ಕೊಡಿ’ ಎಂದು ಕೇಳಿದರೆ ಆತನು ಏನು ಮಾಡಿಯಾನು?

ಸನ್ನತಿಯ ನೆರೆಯ ಕನಗನಹಳ್ಳಿಯ ಕಥೆ ಇನ್ನೂ ವಿಚಿತ್ರವಾದುದು. ಅಲ್ಲಿನ ಬೌದ್ಧ ಸ್ತೂಪದ ಉತ್ಖನನದಲ್ಲಿ ದೊರೆತ ಶಿಲ್ಪವೊಂದರ ಮೇಲೆ ‘ರಾಯೋ ಅಸೋಕೋ’ ಎಂಬ ಬರಹವಿದೆ. ಅಶೋಕನ ಹೆಸರಿನೊಡನೆ ಅವನ ರೂಪವೂ ಕಾಣುವ ಅಪೂರ್ವ ಶಿಲ್ಪ ಅದು. ಈ ಸ್ತೂಪದ ಶಾಸನಗಳನ್ನೆಲ್ಲ ಜಪಾನಿನ ನಕನಿಶಿ ಮತ್ತು ಜರ್ಮನಿಯ ಹಿನ್ಯೂಬರ್ ಎಂಬ ವಿದ್ವಾಂಸರು ಸಂಪಾದಿಸಿದರು. ಅವರ ಗ್ರಂಥವು 2014ರಲ್ಲಿ ಟೋಕಿಯೋದ ಸೋಕಾ ವಿಶ್ವವಿದ್ಯಾಲಯದ ವಾರ್ಷಿಕ ಪತ್ರಿಕೆಯ ಅನುಬಂಧವಾಗಿ ಹೊರಬಂದಿತು. ಚಿತ್ತಾಪುರ ತಾಲ್ಲೂಕಿನ ಕಲ್ಲಿನ ಮಾತು ಟೋಕಿಯೋದಲ್ಲಿ ಅಚ್ಚಾಯಿತು! ತನ್ನ ಊರಿನ ಹೊಲದಂಚಿನಲ್ಲಿ ದೊರೆತುದನ್ನು ತಿಳಿಯಲು ಊರಿನವನು ಸಾಗರದಾಚೆಗೆ ಕೈಚಾಚಬೇಕಾಗಿದೆ. ಚಾಚಲು ಬಾರದಿದ್ದರೆ ತನ್ನ ಊರಿನ ಇತಿಹಾಸವೇ ಅವನಿಗೆ ಪರಕೀಯವಾಗಿ ಉಳಿಯುತ್ತದೆ.

ಹುಡುಕುವ ಪದದ ಆಯ್ಕೆಯಲ್ಲಿಯೇ ಅರ್ಧ ಕೆಲಸ ಅಡಗಿದೆ. ಈ ಭಾಗದಲ್ಲಿ ಹೆಸರುಗಳ ತೊಡಕು ಹೆಚ್ಚು. ಕಲಬುರಗಿಯೆಂಬ ಹೆಸರು ಅಧಿಕೃತವಾದುದು 2014ರ ನವೆಂಬರ್ 1ರಂದು. ಅದಕ್ಕೆ ಹಿಂದಿನ ಬಹುಪಾಲು ಇಂಗ್ಲಿಷ್ ಲೇಖನಗಳು ಗುಲಬರ್ಗಾ ಎಂಬ ಹೆಸರಿನ ಅಡಿಯಲ್ಲಿವೆ. ಸೇಡಂ ತಾಲ್ಲೂಕಿನ ಮಳಖೇಡವು ರಾಷ್ಟ್ರಕೂಟರ ರಾಜಧಾನಿಯಾದ ಮಾನ್ಯಖೇಟ. ಒಂದು ಹೆಸರಿನಿಂದ ಹುಡುಕಿದವನಿಗೆ ಇನ್ನೊಂದು ಹೆಸರಿನ ಲೇಖನಗಳು ಕಾಣವು. ರೋಮನ್ ಲಿಪಿಯಲ್ಲಿ ಸನ್ನತಿಯನ್ನು ಕೆಲವರು ‘ಎಚ್’ ಅಕ್ಷರ ಸೇರಿಸಿ, ಕೆಲವರು ಸೇರಿಸದೆ ಬರೆಯುತ್ತಾರೆ. ಮನುಷ್ಯನಿಗೆ ಇವೆರಡೂ ಒಂದೇ. ಯಂತ್ರಕ್ಕೆ ಅನೇಕ ಸಲ ಬೇರೆ ಬೇರೆ. ಶಹಾಬಾದಿನ ಹಾಸುಗಲ್ಲು ಮನೆಮನೆಗೂ ಪರಿಚಿತ. 1968ರಿಂದ ವಾಡಿಯ ಸಿಮೆಂಟ್ ಕಾರ್ಖಾನೆಯನ್ನು ನಡೆಸುತ್ತಿರುವುದೂ ಇಲ್ಲಿಯ ಸುಣ್ಣದ ಕಲ್ಲೇ. ಆದರೆ ಭೂವಿಜ್ಞಾನಿಗಳು ಈ ಶಿಲೆಗಳ ಒಟ್ಟು ಸಮೂಹಕ್ಕೆ ಕೊಟ್ಟ ಹೆಸರು ಭೀಮಾ. ‘ಭೀಮಾ ಜಲಾನಯನ’ವೆಂಬ ಅರ್ಥದ ಇಂಗ್ಲಿಷ್ ಪದಗಳಿಂದ ಹುಡುಕಿದರೆ ಶಹಾಬಾದಿನ ಕಲ್ಲಿನ ಕುರಿತ ಅನೇಕ ಲೇಖನಗಳು ಹೊರಬೀಳುತ್ತವೆ.

ಹುಡುಕಾಟವು ಇತಿಹಾಸಪ್ರಿಯರಿಗೆ ಮಾತ್ರ ಮೀಸಲಾದುದೆಂದು ಭಾವಿಸಬೇಕಾಗಿಲ್ಲ. ಈ ಜಿಲ್ಲೆ ತೊಗರಿಯ ಕಣಜ. ಇಲ್ಲಿನ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆತಿದೆ. ಹೂವು ಕಾಯಿಗಳ ಹೊತ್ತಿಗೆ ಹಸುರಾಗಿ ನಿಂತ ಗಿಡ ಇದ್ದಕ್ಕಿದ್ದಂತೆ ಬಾಡಿ ಒಣಗುವುದನ್ನು ರೈತರು ನೆಟೆ ರೋಗವೆನ್ನುತ್ತಾರೆ. ಸೇಡಮ್ಮಿನ ರೈತನ ಮಗಳು ಅದರ ಕಾರಣವನ್ನು ತಿಳಿಯಬಯಸಿದಳೆನ್ನೋಣ. ‘ಬಾಡು ರೋಗ’ವೆಂಬ ಅರ್ಥದ ಇಂಗ್ಲಿಷ್ ಪದವೊಂದನ್ನೇ ಕೊಟ್ಟರೆ ಹತ್ತಿ, ಬಾಳೆ, ಕಡಲೆಗಳ ಲೇಖನಗಳು ರಾಶಿಯಾಗಿ ಬಂದು ಬೀಳುತ್ತವೆ. ತೊಗರಿಯ ಹೆಸರನ್ನು ಸೇರಿಸಬೇಕು. ಅದಕ್ಕೂ ಇಂಗ್ಲಿಷಿನಲ್ಲಿ ‘ರೆಡ್ ಗ್ರಾಂ’, ‘ಪಿಜನ್ ಪೀ’ ಎಂದು ಎರಡು ಹೆಸರು. ಕಚೇರಿಗಳಲ್ಲಿ ಮೊದಲನೆಯದು, ಲೇಖನಗಳಲ್ಲಿ ಎರಡನೆಯದು ಹೆಚ್ಚು ಬಳಕೆಯಲ್ಲಿವೆ. ಎಲ್ಲಕ್ಕಿಂತ ನಂಬಿಕೆಯದು ಶಾಸ್ತ್ರೀಯ ನಾಮ. ತೊಗರಿಗೆ ‘ಕಜಾನಸ್ ಕಜಾನ್’, ನೆಟೆ ರೋಗದ ಶಿಲೀಂಧ್ರಕ್ಕೆ ‘ಫ್ಯುಸೇರಿಯಂ ಉಡಮ್’. ಇವೆರಡನ್ನು ಕೂಡಿಸಿ ಕೊಟ್ಟರೆ ಗುರಿ ತಪ್ಪದು.

ದೊರೆತ ಲೇಖನವನ್ನು ಓದಲು ಹಣ ಬೇಕಾಗುವುದು ಈ ದಾರಿಯ ದೊಡ್ಡ ತಡೆ. ಹೊರದೇಶದ ಪತ್ರಿಕೆಗಳ ಚಂದಾ ಎಷ್ಟೆಂದರೆ, ಸಿರಿವಂತ ವಿಶ್ವವಿದ್ಯಾಲಯಗಳೂ ಅವುಗಳನ್ನೆಲ್ಲ ತರಿಸಲಾರವು. ಇದನ್ನರಿತು ಕೇಂದ್ರ ಸರ್ಕಾರವು ‘ಒಂದು ರಾಷ್ಟ್ರ ಒಂದು ಚಂದಾ’ ಎಂಬ ಯೋಜನೆಗೆ 2024ರ ನವೆಂಬರಿನಲ್ಲಿ ಒಪ್ಪಿಗೆ ನೀಡಿತು. 2025ರಿಂದ ಮೂರು ವರ್ಷಗಳಿಗೆ 6,000 ಕೋಟಿ ರೂಪಾಯಿಗಳನ್ನು ಇದಕ್ಕೆ ಗೊತ್ತುಮಾಡಲಾಯಿತು. ಮೂವತ್ತು ಪ್ರಕಾಶಕರ ಸುಮಾರು 13,000 ಪತ್ರಿಕೆಗಳನ್ನು ಸರ್ಕಾರದ ಉನ್ನತ ವಿದ್ಯಾಸಂಸ್ಥೆಗಳಿಗೆ ಒದಗಿಸುವುದು ಅದರ ಉದ್ದೇಶ. ಇದಲ್ಲದೆ ಯಾರು ಬೇಕಾದರೂ ಹಣವಿಲ್ಲದೆ ಓದಬಹುದಾದ ಪತ್ರಿಕೆಗಳೂ ಇವೆ. ‘ಕರೆಂಟ್ ಸೈನ್ಸ್’ ಅಂತಹುದು. ಭಾರತದ ವಿಶ್ವವಿದ್ಯಾಲಯಗಳ ಸಂಶೋಧನ ಪ್ರಬಂಧಗಳು ‘ಶೋಧಗಂಗಾ’ ಎಂಬ ಭಂಡಾರದಲ್ಲಿ ದೊರೆಯುತ್ತವೆ. ಆದರೆ ಬಿಟ್ಟಿಯಾಗಿ ದೊರೆತುದೆಲ್ಲ ಒಳ್ಳೆಯದಲ್ಲ. ಲೇಖಕರಿಂದ ಹಣ ಪಡೆದು, ಪರಿಶೀಲನೆಯೇ ಇಲ್ಲದೆ ಬಂದುದನ್ನೆಲ್ಲ ಪ್ರಕಟಿಸುವ ಪೊಳ್ಳು ಪತ್ರಿಕೆಗಳು ಹೆಚ್ಚಿವೆ. ದೊಡ್ಡ ಪತ್ರಿಕೆಯ ಹೆಸರನ್ನೇ ತುಸು ತಿರುಚಿ ಇಟ್ಟುಕೊಂಡವೂ ಇವೆ. ಇಂತಹ ಒಂದರಲ್ಲಿ ಓದಿದ ಔಷಧವನ್ನು ಹೊಲಕ್ಕೆ ಸಿಂಪಡಿಸಿದರೆ ನಷ್ಟ ಅನುಭವಿಸುವವನು ರೈತನೇ. ಅನುಮಾನ ಬಂದಾಗ ಗ್ರಂಥಪಾಲಕರನ್ನು ಕೇಳುವುದು ಲೇಸು.

ಒಂದು ಒಳ್ಳೆಯ ಲೇಖನ ಕೈಗೆ ಸಿಕ್ಕಿತೆಂದರೆ ಉಳಿದವುಗಳ ದಾರಿ ಅದರ ಕೊನೆಯ ಪುಟಗಳಲ್ಲಿಯೇ ಇರುತ್ತದೆ. ಲೇಖಕನು ಆಧಾರವಾಗಿ ಬಳಸಿದ ಹಿಂದಿನ ಲೇಖನಗಳ ಪಟ್ಟಿ ಅದು. ಅಲ್ಲಿಂದ ಒಂದೊಂದೇ ಮೆಟ್ಟಿಲು ಹಿಂದಕ್ಕೆ ಇಳಿಯಬಹುದು. ಅದೇ ಲೇಖನವನ್ನು ಮುಂದೆ ಯಾರು ಯಾರು ಆಧರಿಸಿದರೆಂಬುದನ್ನು ಗಣಕಯಂತ್ರದ ಸೂಚಿಗಳು ತೋರಿಸುವುದರಿಂದ ಮೇಲಕ್ಕೂ ಏರಬಹುದು. ತೊಗರಿಯ ನೆಟೆ ರೋಗದ ವಿಷಯದಲ್ಲಿ ಮೇಲಕ್ಕೆ ಏರಿದರೆ, ಹೈದರಾಬಾದಿನ ಬಳಿಯ ಪಟಾನ್‌ಚೆರುವಿನ ಇಕ್ರಿಸ್ಯಾಟ್ ಸಂಸ್ಥೆಯಿಂದ ಬಂದು ಕರ್ನಾಟಕದ ರೈತರಿಗೆ ‘ಮಾರುತಿ’ ಎಂಬ ಹೆಸರಿನಿಂದ ಪರಿಚಿತವಾದ, ನೆಟೆಯನ್ನು ತಡೆಯುವ ತಳಿಯ ಲೇಖನಗಳು ದೊರೆಯುತ್ತವೆ. ಕೆಳಕ್ಕೆ ಇಳಿಯುತ್ತ ಹೋದರೆ 1910ರಲ್ಲಿ ಬಿಹಾರದ ಪೂಸಾದಲ್ಲಿದ್ದ ಇ. ಜೆ. ಬಟ್ಲರ್ ಎಂಬ ಶಿಲೀಂಧ್ರವಿಜ್ಞಾನಿ ಈ ರೋಗದ ಬಗ್ಗೆ ಬರೆದ ಪ್ರಬಂಧ ಸಿಗುತ್ತದೆ. ಅಂತಹ ಹಳೆಯ ಸಂಪುಟ ಕಲಬುರಗಿಯಲ್ಲಿ ಇಲ್ಲದಿದ್ದರೂ ಚಿಂತೆಯಿಲ್ಲ. ಲೇಖಕನ ಹೆಸರು, ಗ್ರಂಥಮಾಲೆ, ಸಂಪುಟ, ವರ್ಷ, ಪುಟಗಳನ್ನು ಒಂದು ಚೀಟಿಯಲ್ಲಿ ಸ್ಪಷ್ಟವಾಗಿ ಬರೆದುಕೊಟ್ಟರೆ, ಗ್ರಂಥಪಾಲಕರು ಅದು ಇರುವ ಬೇರೆ ಗ್ರಂಥಾಲಯವನ್ನು ಗುರುತಿಸಿ, ಆ ಪುಟಗಳ ಪ್ರತಿಯನ್ನು ತರಿಸಿಕೊಡಲು ಕೋರಿಕೆ ಕಳುಹಿಸುತ್ತಾರೆ.