ಬಾಗಿದ ಉಗುರು: ಅಲ್ಪವೆಂದು ಅಲಕ್ಷಿಸಬೇಡಿ

ಗುರುಪಾದಕ್ಕೆ ನಾವು ಹಣೆ ಹಚ್ಚಿ ನಮಿಸುತ್ತೇವೆ. ಪಾದೋದಕವನ್ನು ಅಷ್ಟಾವರಣಗಳಲ್ಲಿ ಒಂದೆಂದು ಭಕ್ತಿಯಿಂದ ಸ್ವೀಕರಿಸುತ್ತೇವೆ. ಆದರೆ ದಿನವಿಡೀ ದೇಹದ ಭಾರವನ್ನೆಲ್ಲ ಹೊತ್ತು ನಮ್ಮನ್ನು ಕಾಯಕದ ಸ್ಥಳಕ್ಕೆ ಮುಟ್ಟಿಸುವ ನಮ್ಮದೇ ಪಾದಗಳನ್ನು ಎಷ್ಟು ಸಲ ಬಾಗಿ ನೋಡಿದ್ದೇವೆ? ಮುಖಕ್ಕೆ ಕನ್ನಡಿಯುಂಟು, ಪಾದಕ್ಕೆ ಇಲ್ಲ. ಹೀಗಾಗಿ ಹೆಬ್ಬೆರಳಿನ ಉಗುರು ಬಾಗಿ ಮಾಂಸದೊಳಗೆ ಚುಚ್ಚತೊಡಗಿ, ನಡೆಯುವುದೇ ದುಸ್ತರವಾದಾಗ ಮಾತ್ರ ಪಾದದ ನೆನಪಾಗುತ್ತದೆ.

ಸುಮಾರು ನಾಲ್ಕು ದಶಕಗಳಿಂದ ಈ ಭಾಗದಲ್ಲಿ ವೈದ್ಯವೃತ್ತಿಯಲ್ಲಿರುವ ನನಗೆ ಈ ವ್ಯಾಧಿ ಬಹಳ ಪರಿಚಿತ. ಶಹಾಬಾದದ ಕಲ್ಲಿನ ಖಣಿಗಳಲ್ಲಿ ಹಾಸುಗಲ್ಲು ಎಬ್ಬಿಸುವ ಕಾರ್ಮಿಕನ ಹೆಬ್ಬೆರಳ ಮೇಲೆ ಕಲ್ಲು ಬಿದ್ದು ಉಗುರು ಕಪ್ಪಾಗುತ್ತದೆ. ಹೊಸ ಉಗುರು ಡೊಂಕಾಗಿ ಬರುತ್ತದೆ. ವಾಡಿ ಮತ್ತು ಸೇಡಂ ಭಾಗದ ಸಿಮೆಂಟ್ ಕಾರ್ಖಾನೆಗಳ ಕಾರ್ಮಿಕರು ಉಕ್ಕಿನ ಮೂತಿಯ ಸುರಕ್ಷಾ ಬೂಟುಗಳಲ್ಲಿ ಎಂಟು ತಾಸು ನಿಲ್ಲುತ್ತಾರೆ. ನಮ್ಮ ಬೇಸಿಗೆಯಲ್ಲಿ ಆ ಬೂಟಿನೊಳಗೆ ಕಾಲು ಬೆವರಿ ನೆನೆದು ಚರ್ಮ ಮೆತ್ತಗಾಗುತ್ತದೆ. ಚಿಂಚೋಳಿ, ಚಿತ್ತಾಪುರಗಳ ಕರಿಮಣ್ಣಿನ ಹೊಲದಲ್ಲಿ ತೊಗರಿ ಕೊಯ್ದ ಕೂಳೆ ರೈತನ ಕಾಲಿಗೆ ಚುಚ್ಚುತ್ತದೆ. ಯುಗಾದಿಯ ಮುಂಚೆ ಶ್ರೀಶೈಲಕ್ಕೆ ಪಾದಯಾತ್ರೆ ಹೋಗಿ ಬಂದ ಭಕ್ತರು ಊದಿದ ಬೆರಳು ತೋರಿಸಲು ಬರುವುದೂ ಪ್ರತಿವರ್ಷದ ಮಾತು. ಕಾಯಕ ಬೇರೆ ಬೇರೆ, ಬ್ಯಾನಿ ಒಂದೇ.

ಮರೆಯಲಾಗದ ಒಂದು ಬೆರಳು

ಸುಮಾರು ಇಪ್ಪತ್ತೈದು ವರ್ಷಗಳ ಹಿಂದಿನ ಮಾತು. ಶಹಾಬಾದ ಕಡೆಯ ಖಣಿ ಕಾರ್ಮಿಕರೊಬ್ಬರು, ವಯಸ್ಸು ಐವತ್ತೈದರ ಆಸುಪಾಸು, ಕುಂಟುತ್ತ ನನ್ನಲ್ಲಿಗೆ ಬಂದರು. ಬಲಗಾಲ ಹೆಬ್ಬೆರಳಿನ ಉಗುರಿನ ಒಂದು ಅಂಚು ಮಾಂಸದಲ್ಲಿ ಹೂತು ಕೀವಾಗಿತ್ತು. ಮನೆಯಲ್ಲಿ ಬ್ಲೇಡಿನಿಂದ ಮೂಲೆ ಕೆತ್ತಿಕೊಂಡಿದ್ದರು. ನಾನು ತ್ರಿಫಲಾ ಕಷಾಯದಿಂದ ತೊಳೆದು, ಜಾತ್ಯಾದಿ ತೈಲ ಹಚ್ಚಿ ಪಟ್ಟಿ ಕಟ್ಟಿದೆ. ಒಂದು ವಾರ, ಎರಡು ವಾರ, ಮೂರು ವಾರ ಕಳೆದವು. ಗಾಯ ಮಾಯಲಿಲ್ಲ. ವಿಚಿತ್ರವೆಂದರೆ, ಅವರಿಗೆ ನೋವು ಮೊದಲಿಗಿಂತ ಕಡಿಮೆಯಾಗಿತ್ತು. ಅದನ್ನು ನಾನು ಗುಣದ ಲಕ್ಷಣವೆಂದು ತಿಳಿದೆ.

ಅದು ಗುಣದ ಲಕ್ಷಣವಾಗಿರಲಿಲ್ಲ. ಬೆರಳ ತುದಿ ಕಪ್ಪಾದ ದಿನ ಗಾಬರಿಯಿಂದ ಕಲಬುರಗಿಗೆ ಕಳುಹಿಸಿದೆ. ರಕ್ತದಲ್ಲಿ ಸಕ್ಕರೆಯ ಪ್ರಮಾಣ ಅತಿಯಾಗಿತ್ತು. ಮಧುಮೇಹವಿರುವುದು ಅವರಿಗೂ ತಿಳಿದಿರಲಿಲ್ಲ, ನಾನೂ ಕೇಳಿರಲಿಲ್ಲ. ಬಾಯಾರಿಕೆ ಹೆಚ್ಚೇ, ರಾತ್ರಿ ಎಷ್ಟು ಸಲ ಮೂತ್ರಕ್ಕೆ ಏಳುವಿರಿ ಎಂಬ ಎರಡು ಪ್ರಶ್ನೆ ಸಾಕಾಗಿತ್ತು. ಹೆಬ್ಬೆರಳನ್ನು ತೆಗೆಯಬೇಕಾಯಿತು. ನೋಡಲು ಹೋದಾಗ ಅವರೇ ನನ್ನನ್ನು ಸಂತೈಸಿದರು: "ನೀವೇನ್ ಮಾಡ್ತೀರಿ ಸರ, ನಮ್ಮ ಹಣೇಬರಾನೇ ಹಂಗದ."

ಅದು ಹಣೆಬರಹವಲ್ಲ, ನನ್ನ ಅಲಕ್ಷ್ಯ. ಹೆಬ್ಬೆರಳಿಲ್ಲದವನಿಗೆ ಭಾರ ಎತ್ತುವಾಗ ಕಾಲು ಒತ್ತಿ ನಿಲ್ಲುವುದು ಕಷ್ಟ. ಅವರು ಖಣಿಯ ಕೆಲಸ ಬಿಟ್ಟರು. ಅಂದಿನಿಂದ ಕಾಲಿನ ಯಾವ ಗಾಯವೇ ಬರಲಿ, ರಕ್ತದ ಸಕ್ಕರೆ ಪರೀಕ್ಷಿಸದೆ ನಾನು ಎಣ್ಣೆಯ ಶೀಶೆ ಮುಟ್ಟುವುದಿಲ್ಲ. ಈ ಲೇಖನ ಬರೆಯಲು ಮುಖ್ಯ ಕಾರಣವೂ ಅದೇ.

ಉಗುರು ಏಕೆ ಬಾಗುತ್ತದೆ?

ಇಲ್ಲಿ ಎರಡು ಬಗೆಗಳುಂಟು. ಒಂದರಲ್ಲಿ ಉಗುರಿನ ಆಕಾರ ಸರಿಯಾಗಿಯೇ ಇದ್ದು, ಅದರ ಮೂಲೆ ಮಾತ್ರ ಪಕ್ಕದ ಮಾಂಸದೊಳಗೆ ಬೆಳೆಯುತ್ತದೆ. ಇದು ತರುಣರಲ್ಲಿ ಹೆಚ್ಚು. ಇನ್ನೊಂದರಲ್ಲಿ ಇಡೀ ಉಗುರೇ ಎರಡೂ ಬದಿಗಳಿಂದ ಒಳಕ್ಕೆ ಸುರುಳಿಯಾಗಿ, ಇಕ್ಕಳದಂತೆ ಮಾಂಸವನ್ನು ಹಿಡಿಯುತ್ತದೆ. ಇದು ವಯಸ್ಸಾದವರಲ್ಲಿ ಹೆಚ್ಚು.

ಕಾರಣಗಳಲ್ಲಿ ಮೊದಲನೆಯದು ಉಗುರನ್ನು ತಪ್ಪಾಗಿ ಕತ್ತರಿಸುವುದು. ಕೈಯುಗುರಿನಂತೆ ಕಾಲಿನ ಉಗುರನ್ನೂ ದುಂಡಗೆ, ಬಹಳ ಗಿಡ್ಡಗೆ ಕತ್ತರಿಸಿದರೆ ಮೂಲೆಯಲ್ಲಿ ಕಾಣದ ಒಂದು ಮುಳ್ಳು ಉಳಿಯುತ್ತದೆ. ಉಗುರು ಮುಂದೆ ಬೆಳೆದಂತೆ ಆ ಮುಳ್ಳು ಮಾಂಸವನ್ನು ಸೀಳುತ್ತದೆ. ಎರಡನೆಯದು ಬಿಗಿಯಾದ ಬೂಟು, ಮೂರನೆಯದು ಪೆಟ್ಟು. ಶಿಲೀಂಧ್ರದ ಸೋಂಕಿನಿಂದ ಉಗುರು ದಪ್ಪವಾಗುವುದು, ಸೋರಿಯಾಸಿಸ್, ಬೆರಳಿನ ಸಂಧಿವಾತ, ಉಗುರಿನ ಕೆಳಗೆ ಎಲುಬು ಬೆಳೆಯುವುದು ಇವೂ ಕಾರಣಗಳೇ. ದೀರ್ಘಕಾಲ ಹಾಸಿಗೆ ಹಿಡಿದವರ ಉಗುರು ಸಹ ಸುರುಳಿಯಾಗುವುದುಂಟು. ಉಗುರಿಗೆ ಬಾಗುವ ಸಹಜ ಪ್ರವೃತ್ತಿಯಿದೆ; ನಡೆಯುವಾಗ ನೆಲದಿಂದ ಬೆರಳಿಗೆ ತಗಲುವ ಒತ್ತಡ ಅದನ್ನು ಚಪ್ಪಟೆಯಾಗಿ ಇರಿಸುತ್ತದೆ. ನೋವಿನ ಭಯದಿಂದ ಹೆಬ್ಬೆರಳು ಎತ್ತಿ ನಡೆಯುವವರಲ್ಲಿಯೂ ಇದೇ ಕಾರಣದಿಂದ ಉಗುರು ಇನ್ನಷ್ಟು ಬಾಗಬಹುದು.

ಆಯುರ್ವೇದದ ದೃಷ್ಟಿ

ಉಗುರು ಅಸ್ಥಿಧಾತುವಿನ ಮಲವೆಂದು ಆಯುರ್ವೇದ ಹೇಳುತ್ತದೆ. ಸುಶ್ರುತಾಚಾರ್ಯರು ನಿದಾನಸ್ಥಾನದಲ್ಲಿ ನಲವತ್ನಾಲ್ಕು ಕ್ಷುದ್ರರೋಗಗಳನ್ನು ಹೆಸರಿಸಿದ್ದಾರೆ. ಅವುಗಳಲ್ಲಿ ಎರಡು ಉಗುರಿಗೆ ಸಂಬಂಧಿಸಿದವು. ವಾತಪಿತ್ತಗಳು ಉಗುರಿನ ಮಾಂಸವನ್ನು ಸೇರಿ ನೋವು, ಉರಿ, ಕೀವು ಉಂಟುಮಾಡಿದರೆ ಅದು 'ಚಿಪ್ಪ'. ಪೆಟ್ಟಿನಿಂದ ಉಗುರು ಕಪ್ಪಾಗಿ, ಒರಟಾಗಿ, ಗಡುಸಾದರೆ ಅದು 'ಕುನಖ'. ನಮ್ಮ ಜನ ಉಗುರುಸುತ್ತು ಎನ್ನುವುದು ಚಿಪ್ಪಕ್ಕೆ ಬಹಳ ಸಮೀಪದ್ದು.

ಅವರು ಹೇಳಿದ ಚಿಕಿತ್ಸಾಕ್ರಮ ಗಮನಾರ್ಹ. ಮೊದಲು ಬಿಸಿನೀರಿನ ಸೇಚನ, ಅನಂತರ ಕೆಟ್ಟ ಭಾಗವನ್ನು ಶಸ್ತ್ರದಿಂದ ತೆಗೆದು ಸ್ರಾವ ಮಾಡಿಸುವುದು, ಮೇಲೆ ತೈಲ, ಸರ್ಜರಸ ಅಂದರೆ ರಾಳದ ಪುಡಿ, ಪಟ್ಟಿ. ಅದಕ್ಕೂ ಜಗ್ಗದಿದ್ದರೆ ಅಗ್ನಿಕರ್ಮ. ಇಂದು ಶಸ್ತ್ರವೈದ್ಯರು ಬೆರಳಿಗೆ ಮಾತ್ರ ಅರಿವಳಿಕೆ ಕೊಟ್ಟು, ಚುಚ್ಚುವ ಅಂಚನ್ನಷ್ಟೇ ತೆಗೆದು, ಅದರ ಬೇರನ್ನು ಫೀನಾಲ್‌ನಿಂದ ಸುಡುವುದು ಇದೇ ತರ್ಕದ ಮುಂದಿನ ಹೆಜ್ಜೆ. ಆದ್ದರಿಂದ "ಆಯುರ್ವೇದವೆಂದರೆ ಬರೀ ಲೇಪ, ಕೊಯ್ಯುವುದು ಇಂಗ್ಲಿಷ್ ವೈದ್ಯ" ಎಂಬ ಭೇದ ಬೇಡ. ಕೊಯ್ಯಬೇಕಾದಲ್ಲಿ ಕೊಯ್ಯಬೇಕೆಂದು ಸುಶ್ರುತರೇ ಹೇಳಿದ್ದಾರೆ.

ಮನೆಯಲ್ಲಿ ಮಾಡಬಹುದಾದದ್ದು

ಕೀವಿಲ್ಲದೆ, ಅಂಚು ಸ್ವಲ್ಪ ಕೆಂಪಾಗಿ ಒತ್ತಿದರೆ ನೋಯುವ ಹಂತದಲ್ಲಿ ಈ ಕ್ರಮ ಅನುಸರಿಸಬಹುದು. ಮಧುಮೇಹವಿಲ್ಲದವರಿಗೆ ಮಾತ್ರ ಇದು ಅನ್ವಯಿಸುತ್ತದೆ.

ಉಗುರುಬೆಚ್ಚಗಿನ ಉಪ್ಪುನೀರಿನಲ್ಲಿ ಅಥವಾ ಸೋಸಿದ ತ್ರಿಫಲಾ ಕಷಾಯದಲ್ಲಿ 10ರಿಂದ 15 ನಿಮಿಷ, ದಿನಕ್ಕೆ ಎರಡು ಸಲ ಪಾದವನ್ನು ಇಡಿರಿ. ಆಮೇಲೆ ಬೆರಳುಗಳ ಸಂದಿಯನ್ನೂ ಬಿಡದೆ ಒರೆಸಿ ಒಣಗಿಸಿರಿ. ಮೆತ್ತಗಾದ ಮಾಂಸವನ್ನು ಉಗುರಿನಿಂದ ಹೊರಕ್ಕೆ ಮೃದುವಾಗಿ ಸರಿಸಿ, ಸ್ವಚ್ಛ ಹತ್ತಿಯ ಸಣ್ಣ ಎಳೆಯೊಂದನ್ನು ಮೂಲೆಯ ಕೆಳಗೆ ಇಡಿರಿ. ನಿತ್ಯ ಅದನ್ನು ಬದಲಿಸಿರಿ. ಉಗುರು ಮಾಂಸದ ಮೇಲೆ ಹಾಯ್ದು ಬೆಳೆಯಲು ಇದು ದಾರಿ ಮಾಡಿಕೊಡುತ್ತದೆ. ಆ ದಿನಗಳಲ್ಲಿ ಬೆರಳು ತೆರೆದಿರುವ ಚಪ್ಪಲಿ ಧರಿಸಿರಿ.

ತಾಳ್ಮೆ ಬೇಕು. ಕಾಲಿನ ಉಗುರು ತಿಂಗಳಿಗೆ ಸುಮಾರು ಒಂದೂವರೆ ಮಿಲಿಮೀಟರ್ ಮಾತ್ರ ಬೆಳೆಯುತ್ತದೆ. ಹೆಬ್ಬೆರಳ ಉಗುರು ಬುಡದಿಂದ ಪೂರ್ಣ ಹೊಸದಾಗಲು ಒಂದರಿಂದ ಒಂದೂವರೆ ವರ್ಷ ಹಿಡಿಯುತ್ತದೆ. ಇಕ್ಕಳದಂತೆ ಬಾಗಿದ ಉಗುರಿಗೆ ಮೇಲಿನಿಂದ ತಂತಿ ಅಥವಾ ಪ್ಲಾಸ್ಟಿಕ್ ಪಟ್ಟಿ ಕೂರಿಸಿ ನಿಧಾನವಾಗಿ ಎತ್ತುವ ವಿಧಾನವೂ ಇದೆ; ಅದನ್ನು ತಜ್ಞರೇ ಮಾಡಬೇಕು.

ಮಾಡಬಾರದ್ದು

ಉಗುರಿನ ನಡುವೆ ತ್ರಿಕೋನದಂತೆ ಕತ್ತರಿಸಿದರೆ ಅಂಚುಗಳು ನಡುವಿಗೆ ಸರಿಯುತ್ತವೆ ಎಂಬ ನಂಬಿಕೆ ನಮ್ಮಲ್ಲಿದೆ. ಉಗುರು ಬೆಳೆಯುವುದು ಬುಡದಿಂದ. ತುದಿಯಲ್ಲಿ ಕತ್ತರಿಸಿದ್ದು ಬುಡಕ್ಕೆ ತಿಳಿಯದು. ನಿಂಬೆಹಣ್ಣಿಗೆ ತೂತು ಕೊರೆದು ಬೆರಳಿಗೆ ಸಿಕ್ಕಿಸಿಕೊಳ್ಳುವ ರೂಢಿಯೂ ಉಂಟು. ತಣ್ಣಗೆನಿಸಬಹುದು, ಆದರೆ ಒಳಗೆ ಚುಚ್ಚಿದ ಮುಳ್ಳನ್ನು ಅದು ತೆಗೆಯುವುದಿಲ್ಲ. ತೆರೆದ ಗಾಯಕ್ಕೆ ಉರಿ ಬೇರೆ. ಸುಣ್ಣ, ಸಗಣಿ, ತಂಬಾಕು, ಗೇರಿನ ಎಣ್ಣೆ ಯಾವುದೂ ಬೇಡ. ಬ್ಲೇಡು ಮಾತ್ರ ಖಂಡಿತ ಬೇಡ. ಕಲ್ಲು, ಕಬ್ಬಿಣದಿಂದ ಗಾಯವಾದವರು ಧನುರ್ವಾತದ ಚುಚ್ಚುಮದ್ದನ್ನು ಮರೆಯಬಾರದು.

ತಡಮಾಡದೆ ಹೋಗಬೇಕಾದ ಸಂದರ್ಭ

ಕೀವು, ದುರ್ವಾಸನೆ, ಜ್ವರ, ಪಾದದ ಮೇಲ್ಭಾಗಕ್ಕೆ ಹಬ್ಬುವ ಕೆಂಪು, ಅಂಚಿನಲ್ಲಿ ಬೆಳೆಯುವ ಹಸಿ ಮಾಂಸ, ಬೆರಳು ನೀಲಿ ಅಥವಾ ಕಪ್ಪಾಗುವುದು, ಇವುಗಳಲ್ಲಿ ಒಂದು ಕಂಡರೂ ತಾಲೂಕು ಆಸ್ಪತ್ರೆಗೆ, ಅಗತ್ಯಬಿದ್ದರೆ ಕಲಬುರಗಿಗೆ ಹೋಗಿರಿ. ಮಧುಮೇಹಿಗಳು ಇಷ್ಟು ಲಕ್ಷಣಗಳಿಗೂ ಕಾಯಬಾರದು. ಅವರಿಗೆ ಪಾದದ ಸ್ಪರ್ಶಜ್ಞಾನ ಕುಂದಿರುತ್ತದೆ. ನೀರಿನ ಬಿಸಿ ತಿಳಿಯದೆ ಚರ್ಮ ಸುಟ್ಟ ಪ್ರಸಂಗಗಳನ್ನು ನಾನು ಕಂಡಿದ್ದೇನೆ. ಮಧುಮೇಹಿಯ ಕಾಲಿನ ಗಾಯದಲ್ಲಿ ನೋವಿಲ್ಲದಿರುವುದು ಸಮಾಧಾನದ ಮಾತಲ್ಲ, ಅಪಾಯದ ಮಾತು. ಇದನ್ನು ನಾನು ಕಲಿತದ್ದು ಇನ್ನೊಬ್ಬರ ಬೆರಳಿನ ಬೆಲೆಗೆ.

ನಿತ್ಯಪಾಲನೆ

ಚರಕಾಚಾರ್ಯರು ಪಕ್ಷಕ್ಕೆ ಮೂರು ಸಲ ಉಗುರು ತೆಗೆಯಲು ಹೇಳಿದ್ದಾರೆ. ಕಾಲಿನ ಉಗುರು ನಿಧಾನ ಬೆಳೆಯುವುದರಿಂದ ಅದನ್ನು ಎರಡು ಮೂರು ವಾರಕ್ಕೊಮ್ಮೆ ಕತ್ತರಿಸಿದರೂ ಸಾಕು. ಆದರೆ ಸ್ನಾನದ ನಂತರ, ನೇರವಾಗಿ, ಬೆರಳ ತುದಿಯ ಮಟ್ಟಕ್ಕೆ ಕತ್ತರಿಸಿರಿ, ಮೂಲೆಗಳನ್ನು ಬಿಡಿರಿ. ಬೂಟನ್ನು ಸಂಜೆಯ ಹೊತ್ತು ಕೊಳ್ಳಿರಿ, ಆಗ ಪಾದ ಸ್ವಲ್ಪ ಊದಿರುತ್ತದೆ. ಉದ್ದನೆಯ ಬೆರಳಿಗೂ ಬೂಟಿನ ಮೂತಿಗೂ ನಡುವೆ ಸುಮಾರು ಅರ್ಧ ಇಂಚು ಜಾಗವಿರಲಿ. ಕಾರ್ಖಾನೆಗೆ ಹೋಗುವವರು ನಿತ್ಯ ಒಗೆದ ಹತ್ತಿಯ ಕಾಲುಚೀಲ ಧರಿಸಲಿ. ಸುರಕ್ಷಾ ಬೂಟು ಬಿಗಿಯಾದರೆ ದೊಡ್ಡ ಅಳತೆಯದನ್ನು ಕೇಳಿ ಪಡೆಯಿರಿ, ಬೂಟನ್ನೇ ಬಿಡಬೇಡಿ. ತಾಯಂದಿರು ಬಿಗಿಯಾದ ಕಾಲುಂಗುರವನ್ನು ಸಡಿಲಿಸಿಕೊಳ್ಳಲಿ.

ರಾತ್ರಿ ಮಲಗುವ ಮುನ್ನ ಪಾದ ತೊಳೆದು, ಒರೆಸಿ, ಎಳ್ಳೆಣ್ಣೆಯಿಂದ ತಿಕ್ಕಿಕೊಳ್ಳುವ ಪಾದಾಭ್ಯಂಗ ಬಹು ಹಿತಕರ. ಅದರ ದೊಡ್ಡ ಲಾಭವೆಂದರೆ ಆ ಹತ್ತು ನಿಮಿಷ ನಾವು ಪಾದವನ್ನು ನೋಡುತ್ತೇವೆ. ಮನೆಯ ಹಿರಿಯರಿಗೆ ಬಾಗಲು ಆಗದಿದ್ದರೆ ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು ವಾರಕ್ಕೊಮ್ಮೆ ಅವರ ಪಾದವನ್ನು ಬೆಳಕಿನಲ್ಲಿ ಹಿಡಿದು ನೋಡಲಿ. ಹಬ್ಬದ ದಿನ ಹಿರಿಯರ ಪಾದ ಮುಟ್ಟಿ ನಮಸ್ಕರಿಸುವ ಕೈ, ಉಳಿದ ದಿನ ಆ ಪಾದದ ಉಗುರನ್ನೂ ವಿಚಾರಿಸಲಿ. ಅದೂ ದಾಸೋಹವೇ.