ಕೆಲಸ ಮುಗಿಸಿದರೂ ಹಣ ಸಿಗದ ಕಾನೂನು

ನಮ್ಮ ಊರುಗಳಲ್ಲಿ ಮನೆ ಕಟ್ಟಿಸುವಾಗ ಮೇಸ್ತ್ರಿಯ ಲೈಸೆನ್ಸ್ ಕೇಳುವವರು ಅಪರೂಪ. ಹಿಂದೆ ಕಟ್ಟಿದ ಮನೆ ನೋಡಿ, ನಾಲ್ಕು ಜನರನ್ನು ವಿಚಾರಿಸಿ ಮುಂಗಡ ಕೊಡುತ್ತೇವೆ. ಅಮೆರಿಕದ ಫ್ರೀಮಾಂಟ್, ಸನ್ನಿವೇಲ್‌ಗಳಲ್ಲಿ ಮನೆ ಕೊಂಡ ಕನ್ನಡಿಗರು ಇದೇ ರೂಢಿಯಲ್ಲಿ ಅಡುಗೆಮನೆ ದುರಸ್ತಿಗೆ ಇಳಿದರೆ ಅಪಾಯವಿದೆ. ಕ್ಯಾಲಿಫೋರ್ನಿಯಾದ ಕಾನೂನು ಬೇರೆಯೇ.

ಅಲ್ಲಿ ಸಾಮಗ್ರಿ, ಕೂಲಿ ಎರಡೂ ಸೇರಿ 1,000 ಡಾಲರ್ ಮುಟ್ಟುವ ಕಟ್ಟಡ ಕೆಲಸಕ್ಕೆ ರಾಜ್ಯದ ಗುತ್ತಿಗೆದಾರರ ಲೈಸೆನ್ಸ್ ಮಂಡಳಿಯ ಪರವಾನಗಿ ಬೇಕು. 2024ರ ಕೊನೆಯವರೆಗೆ ಈ ಮಿತಿ 500 ಡಾಲರ್ ಇತ್ತು. ಪರ್ಮಿಟ್ ಬೇಕಾದ ಅಥವಾ ಆಳು ಇಟ್ಟು ಮಾಡಿಸುವ ಕೆಲಸವಾದರೆ ಕಡಿಮೆ ಮೊತ್ತಕ್ಕಿರುವ ವಿನಾಯಿತಿಯೂ ಇಲ್ಲ. ಒಂದೇ ಕೆಲಸಕ್ಕೆ ಮೂರು ಬಿಲ್ ಬರೆದು ತಪ್ಪಿಸಿಕೊಳ್ಳಲೂ ಆಗದು.

ಲೈಸೆನ್ಸ್ ಇಲ್ಲದೆ ಗುತ್ತಿಗೆ ಹಿಡಿದು ಸಿಕ್ಕಿಬಿದ್ದವರಿಗೆ ಮೊದಲ ಸಲ ಆರು ತಿಂಗಳವರೆಗೆ ಜೈಲು, 5,000 ಡಾಲರ್‌ವರೆಗೆ ದಂಡ, ಇಲ್ಲವೇ ಎರಡೂ. ವಿಪತ್ತು ಘೋಷಿಸಿದ ಪ್ರದೇಶದಲ್ಲಾದರೆ ಅದು ಘೋರ ಅಪರಾಧವೇ ಆಗಬಹುದು. 2025ರ ಜನವರಿಯ ಕಾಳ್ಗಿಚ್ಚಿನಲ್ಲಿ ಸುಟ್ಟ ಲಾಸ್ ಏಂಜಲೀಸ್‌ನ ಬಡಾವಣೆಗಳಲ್ಲಿ ಮರುನಿರ್ಮಾಣಕ್ಕೆ ಹೊರಟವರಿಗೂ ಈ ನಿಯಮ ಅನ್ವಯಿಸುತ್ತದೆ. ಎಲ್ಲ ಕಳೆದುಕೊಂಡವರನ್ನು ಮತ್ತೆ ಸುಲಿಯುವುದನ್ನು ತಡೆಯಲು ಇಷ್ಟು ಬಿಗಿ ಬೇಕೇ ಬೇಕು.

ಆದರೆ ಜೈಲಿಗಿಂತ ಹೆಚ್ಚು ಜನರನ್ನು ಮುಳುಗಿಸಬಲ್ಲದ್ದು ಅಲ್ಲಿನ ವ್ಯಾಪಾರ ಮತ್ತು ವೃತ್ತಿ ಸಂಹಿತೆಯ 7031ನೇ ಸೆಕ್ಷನ್. ಲೈಸೆನ್ಸ್ ಇಲ್ಲದವನು ಬಾಕಿ ಹಣಕ್ಕಾಗಿ ದಾವೆ ಹೂಡುವಂತಿಲ್ಲ. ಕೆಲಸ ಎಷ್ಟೇ ಚೆನ್ನಾಗಿರಲಿ. ಪಾಮ್ ಸ್ಪ್ರಿಂಗ್ಸ್‌ನ ಜಲಕ್ರೀಡಾ ಉದ್ಯಾನಕ್ಕೆ ಅಲೆಯೆಬ್ಬಿಸುವ ಕೊಳ ಕಟ್ಟಿಕೊಟ್ಟ ಹೊರರಾಜ್ಯದ ಕಂಪನಿಯೊಂದು, ಹಣ ಕೊಡುತ್ತೇವೆಂದು ನಂಬಿಸಿ ಮೋಸ ಮಾಡಿದರು ಎಂದು ಕೋರ್ಟಿಗೆ ಹೋಯಿತು. 1991ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಆ ವಾದವನ್ನೂ ಒಪ್ಪಲಿಲ್ಲ. ಮುಂದೆ 2001ರಲ್ಲಿ ಶಾಸಕಾಂಗ ಇನ್ನೊಂದು ಹೆಜ್ಜೆ ಇಟ್ಟಿತು: ಆಗಲೇ ಕೊಟ್ಟ ಹಣವನ್ನೂ ಮನೆಯವರು ವಾಪಸ್ ಪಡೆಯಬಹುದು. ಸಿಮೆಂಟು, ಮರ, ಗಿಡಗಳಿಗೆ ಖರ್ಚಾದದ್ದನ್ನೂ ಕಳೆಯುವಂತಿಲ್ಲ. ಲೈಸೆನ್ಸ್ ಇಲ್ಲವೆಂದು ಮನೆಯವರಿಗೆ ಮೊದಲೇ ಗೊತ್ತಿದ್ದರೂ ಲೆಕ್ಕ ಬದಲಾಗದು ಎಂದು 2010ರಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಿತು. ಆ ಮೊಕದ್ದಮೆಯ ಗುತ್ತಿಗೆದಾರ ಕೆಲಸದ ನಡುವೆ ಲೈಸೆನ್ಸ್ ಪಡೆದಿದ್ದರೂ ಹಣ ಉಳಿಯಲಿಲ್ಲ.

ಇಲ್ಲಿ ನನ್ನ ಮನಸ್ಸು ಒಪ್ಪುವುದಿಲ್ಲ. ಗೊತ್ತಿದ್ದೂ ಅಗ್ಗಕ್ಕೆ ದುಡಿಸಿಕೊಂಡು, ಮುಗಿದ ಮೇಲೆ ಕೂಲಿಯನ್ನೂ ಕಿತ್ತುಕೊಳ್ಳುವುದು ಕಾನೂನಿಗೆ ಸರಿಯಿರಬಹುದು, ನ್ಯಾಯವಲ್ಲ. ಪೆಟ್ಟು ಬೀಳುವುದು ಹೆಚ್ಚಾಗಿ ಕೈಕಸುಬು ಬಲ್ಲ, ಕಾಗದಪತ್ರ ಅರಿಯದ ವಲಸಿಗರಿಗೆ. ಹಾಗೆಂದು ಅಗ್ಗಕ್ಕೆ ಮಾಡಿಸಿಕೊಂಡ ಮನೆಯವರೂ ನಿಶ್ಚಿಂತರಲ್ಲ. ಲೈಸೆನ್ಸ್ ಇಲ್ಲದವನ ಆಳು ಏಣಿಯಿಂದ ಬಿದ್ದರೆ, ಮಾಲೀಕರೇ ಅವನ ಉದ್ಯೋಗದಾತರೆಂದು ಪರಿಹಾರದ ಹೊಣೆ ತಲೆಗೆ ಬರಬಹುದು.

ಲೈಸೆನ್ಸ್‌ಗೆ ನಾಲ್ಕು ವರ್ಷಗಳ ಅನುಭವ, ಪರೀಕ್ಷೆ, 25,000 ಡಾಲರ್ ಬಾಂಡ್ ಬೇಕು. ಕಷ್ಟವೇ, ಆದರೂ ಕೆಲಸ ಒಪ್ಪಿಕೊಳ್ಳುವ ಮೊದಲೇ ಮಾಡಿಸಿಕೊಳ್ಳಿ. ಅಲ್ಲಿ ಮನೆ ರಿಪೇರಿ ಮಾಡಿಸುವವರು ಮಂಡಳಿಯ ಜಾಲತಾಣದಲ್ಲಿ ಲೈಸೆನ್ಸ್ ಸಂಖ್ಯೆ ನೋಡಿ, ಆಮೇಲೆ ಸಹಿ ಹಾಕಿ. ಮುಂಗಡವಾಗಿ ಒಟ್ಟು ಮೊತ್ತದ ಶೇ. 10 ಅಥವಾ 1,000 ಡಾಲರ್, ಎರಡರಲ್ಲಿ ಯಾವುದು ಕಡಿಮೆಯೋ ಅದಕ್ಕಿಂತ ಹೆಚ್ಚು ಕೊಡಬೇಡಿ.