ಭಾರ ಅಯಾನು ಘರ್ಷಣೆಗಳಲ್ಲಿ ಶಕ್ತಿ ಉತ್ಪಾದನೆ

ಭಾರ ಅಯಾನು ಘರ್ಷಣೆ ಎಂದರೆ ಚಿನ್ನ, ಸೀಸ ಮೊದಲಾದ ಭಾರವಾದ ಧಾತುಗಳ ನ್ಯೂಕ್ಲಿಯಸ್‌ಗಳನ್ನು ಬೆಳಕಿನ ವೇಗದ ಸಮೀಪಕ್ಕೆ ತಂದು ಎದುರುಬದುರಾಗಿ ಡಿಕ್ಕಿ ಹೊಡೆಸುವ ಪ್ರಯೋಗ. ಇಲ್ಲಿ ‘ಶಕ್ತಿ ಉತ್ಪಾದನೆ’ ಎಂಬ ಮಾತು ರಾಯಚೂರು ಜಿಲ್ಲೆಯ ಶಕ್ತಿನಗರದ ಸ್ಥಾವರದಲ್ಲಿ ನಡೆಯುವಂತಹ ವಿದ್ಯುದುತ್ಪಾದನೆಯನ್ನು ಸೂಚಿಸುವುದಿಲ್ಲ. ಘರ್ಷಣೆಯಲ್ಲಿ ಹೊಸದಾಗಿ ಶಕ್ತಿ ಹುಟ್ಟುವುದಿಲ್ಲ; ನ್ಯೂಕ್ಲಿಯಸ್‌ಗಳ ಚಲನಶಕ್ತಿಯ ಒಂದು ಪಾಲು ಉಷ್ಣವಾಗಿಯೂ ಹೊಸ ಕಣಗಳಾಗಿಯೂ ಮಾರ್ಪಡುತ್ತದೆ. ಯಂತ್ರವನ್ನು ನಡೆಸಲು ವ್ಯಯವಾಗುವ ವಿದ್ಯುತ್ತಿನಲ್ಲಿ ಅತ್ಯಲ್ಪ ಅಂಶ ಮಾತ್ರ ಕಣಗಳಿಗೆ ಸೇರುತ್ತದೆ.

ಶಕ್ತಿಯ ಪ್ರಮಾಣ

ಜಿನೀವಾ ಸಮೀಪದ ಸರ್ನ್ ಸಂಸ್ಥೆಯ ಲಾರ್ಜ್ ಹ್ಯಾಡ್ರಾನ್ ಕೊಲೈಡರ್‌ನಲ್ಲಿ 2015ರಲ್ಲಿ ಸೀಸದ ನ್ಯೂಕ್ಲಿಯಸ್‌ಗಳನ್ನು ಪ್ರತಿ ನ್ಯೂಕ್ಲಿಯಾನ್ ಜೋಡಿಗೆ 5.02 ಟೆರಾ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯಲ್ಲಿ ಘರ್ಷಿಸಲಾಯಿತು. ಸೀಸದ ನ್ಯೂಕ್ಲಿಯಸ್ಸಿನಲ್ಲಿ 208 ನ್ಯೂಕ್ಲಿಯಾನ್‌ಗಳು (ಪ್ರೋಟಾನ್ ಮತ್ತು ನ್ಯೂಟ್ರಾನ್‌ಗಳು) ಇರುವುದರಿಂದ ಒಟ್ಟು ಶಕ್ತಿ ಸುಮಾರು 1,044 ಟೆರಾ ಎಲೆಕ್ಟ್ರಾನ್ ವೋಲ್ಟ್, ಅಂದರೆ 0.00017 ಜೂಲ್. 30 ಮಿಲಿಗ್ರಾಂ ತೂಗುವ ಜೋಳದ ಕಾಳೊಂದು ಅರ್ಧ ಮೀಟರಿಗಿಂತ ತುಸು ಹೆಚ್ಚು ಎತ್ತರದಿಂದ ನೆಲಕ್ಕೆ ಬಿದ್ದರೆ ಇಷ್ಟೇ ಶಕ್ತಿ ಬಿಡುಗಡೆಯಾಗುತ್ತದೆ. ಆದ್ದರಿಂದ ಇಲ್ಲಿ ಮುಖ್ಯವಾದುದು ಶಕ್ತಿಯ ಮೊತ್ತವಲ್ಲ, ಅದರ ಸಾಂದ್ರತೆ.

ಅಳೆಯುವ ಕ್ರಮ

ಘರ್ಷಣೆಗೆ ಮುನ್ನ ನ್ಯೂಕ್ಲಿಯಸ್‌ಗಳು ಒಂದೇ ರೇಖೆಯಲ್ಲಿ ಚಲಿಸುತ್ತಿರುತ್ತವೆ. ಹೀಗಾಗಿ ಆ ರೇಖೆಗೆ ಅಡ್ಡಲಾಗಿ ಹೊರಚಿಮ್ಮುವ ಶಕ್ತಿ ಘರ್ಷಣೆಯ ಫಲವೆಂದೇ ತಿಳಿಯಬಹುದು. ಇದನ್ನು ಅಡ್ಡಶಕ್ತಿ ಎನ್ನಬಹುದು. ಅಡ್ಡಶಕ್ತಿಯನ್ನು, ನ್ಯೂಕ್ಲಿಯಸ್‌ಗಳು ಒಂದರ ಮೇಲೊಂದು ಬೀಳುವ ವಿಸ್ತೀರ್ಣ ಹಾಗೂ ಕಣಗಳು ರೂಪುಗೊಳ್ಳುವ ಕಾಲದಿಂದ ಭಾಗಿಸಿ ಸಾಂದ್ರತೆಯನ್ನು ಅಂದಾಜಿಸುವ ವಿಧಾನವನ್ನು ಅಮೆರಿಕದ ಭೌತವಿಜ್ಞಾನಿ ಜೇಮ್ಸ್ ಬ್ಯೋರ್ಕನ್ 1983ರಲ್ಲಿ ಮಂಡಿಸಿದರು.

ಸರ್ನ್‌ನ ಆಲಿಸ್ ಪ್ರಯೋಗದ ಪ್ರಕಾರ, 2.76 ಟೆರಾ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ನೇರ ಘರ್ಷಣೆಗಳಲ್ಲಿ ಈ ಸಾಂದ್ರತೆ ಘನ ಫೆಮ್ಟೊಮೀಟರಿಗೆ ಸುಮಾರು 12 ಗಿಗಾ ಎಲೆಕ್ಟ್ರಾನ್ ವೋಲ್ಟ್. ಸಾಮಾನ್ಯ ನ್ಯೂಕ್ಲಿಯಸ್ಸಿನಲ್ಲಿ ಇದು 0.15ರಷ್ಟು ಮಾತ್ರ. ರೂಪುಗೊಳ್ಳುವ ಕಾಲವನ್ನು ನೇರವಾಗಿ ಅಳೆಯಲಾಗದು; ಬೆಳಕು ಒಂದು ಫೆಮ್ಟೊಮೀಟರ್ ದಾಟುವಷ್ಟು ಕಾಲ ಎಂದು ಇಟ್ಟುಕೊಂಡಾಗ ದೊರೆಯುವ ಅಂಕಿ ಇದು. ಅದಕ್ಕೂ ಬೇಗ ಕಣಗಳು ರೂಪುಗೊಂಡಿದ್ದರೆ ಸಾಂದ್ರತೆ ಇನ್ನೂ ಹೆಚ್ಚುತ್ತದೆ. ಅಂಕಿಯನ್ನು ಉಲ್ಲೇಖಿಸುವಾಗ ಈ ಊಹೆಯನ್ನು ಬಿಟ್ಟುಬಿಡುವುದು ಸರಿಯಲ್ಲ.

ಪರಿಣಾಮ

ಸಾಂದ್ರತೆ ಘನ ಫೆಮ್ಟೊಮೀಟರಿಗೆ ಸುಮಾರು 0.5 ಗಿಗಾ ಎಲೆಕ್ಟ್ರಾನ್ ವೋಲ್ಟ್ ಮೀರಿದರೆ ಪ್ರೋಟಾನ್-ನ್ಯೂಟ್ರಾನ್‌ಗಳು ತಮ್ಮ ಪ್ರತ್ಯೇಕ ರೂಪವನ್ನು ಕಳೆದುಕೊಂಡು ಕ್ವಾರ್ಕ್-ಗ್ಲುವಾನ್ ಪ್ಲಾಸ್ಮಾ ಆಗುತ್ತವೆ ಎಂದು ಗಣನೆಗಳು ತೋರಿಸುತ್ತವೆ. ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ 2000ದಿಂದ ನಡೆದ ಚಿನ್ನದ ಘರ್ಷಣೆಗಳಲ್ಲಿಯೂ ಈ ಮಿತಿ ದಾಟಿತು. ಅಲ್ಲಿ ಕಂಡ ಪ್ಲಾಸ್ಮಾ ಅನಿಲದಂತಿರದೆ, ಸ್ನಿಗ್ಧತೆ ಬಹಳ ಕಡಿಮೆಯಿರುವ ದ್ರವದಂತೆ ಹರಿಯುತ್ತದೆ ಎಂದು 2005ರಲ್ಲಿ ಪ್ರಕಟಿಸಲಾಯಿತು.

ಬ್ರೂಕ್‌ಹೇವನ್‌ನ ಸ್ಟಾರ್ ಮತ್ತು ಸರ್ನ್‌ನ ಆಲಿಸ್ ಎರಡರಲ್ಲೂ ಫೋಟಾನ್‌ಗಳನ್ನು ಎಣಿಸುವ ಸಂವೇದಕವನ್ನು ಕೋಲ್ಕತ್ತದ ವೇರಿಯಬಲ್ ಎನರ್ಜಿ ಸೈಕ್ಲೊಟ್ರಾನ್ ಕೇಂದ್ರದ ನೇತೃತ್ವದಲ್ಲಿ ಭಾರತೀಯ ವಿಜ್ಞಾನಿಗಳು ನಿರ್ಮಿಸಿದರು.